ಸತ್ತವರ ಆಸ್ತಿ, ಬದುಕಿದವರ ವ್ಯಾಜ್ಯ: ಯೂಟಾದ ಪ್ರೊಬೇಟ್ ಕೋರ್ಟ್ ಕಡತಗಳು

ಪ್ರೊಬೇಟ್ ಕೋರ್ಟ್ ಎಂಬುದು ಮೂಲತಃ ಸತ್ತವರ ಆಸ್ತಿಯ ನ್ಯಾಯಾಲಯ. ಉಯಿಲು ಇದ್ದರೆ ಅದು ಅಸಲಿಯೇ ಎಂದು ಪರಿಶೀಲಿಸುವುದು, ಇಲ್ಲದಿದ್ದರೆ ಕಾನೂನಿನ ಪ್ರಕಾರ ವಾರಸುದಾರರಿಗೆ ಪಾಲು ಹಂಚುವುದು, ಸತ್ತವನಿಗೆ ಸಾಲ ಕೊಟ್ಟವರ ಬಾಕಿ ತೀರಿಸುವುದು, ತಬ್ಬಲಿ ಮಕ್ಕಳಿಗೆ ಪಾಲಕರನ್ನು ನೇಮಿಸುವುದು ಅದರ ಕೆಲಸ. ಇಂಗ್ಲೆಂಡಿನಲ್ಲಿ 1857ರ ಕಾಯ್ದೆ ಬರುವವರೆಗೂ ಇದನ್ನು ಬಹುಪಾಲು ಚರ್ಚಿನ ನ್ಯಾಯಾಲಯಗಳೇ ನೋಡಿಕೊಳ್ಳುತ್ತಿದ್ದವು. ಅಮೆರಿಕದಲ್ಲಿ ಅಂಥ ಚರ್ಚ್ ನ್ಯಾಯಾಲಯಗಳು ಬೇರೂರಲಿಲ್ಲ. ಹೀಗಾಗಿ ಜವಾಬ್ದಾರಿ ಕೌಂಟಿಯ ಹೆಗಲೇರಿತು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ನ್ಯೂಯಾರ್ಕಿನಲ್ಲಿ ಈ ನ್ಯಾಯಾಲಯಕ್ಕೆ ಸರೊಗೇಟ್ ಕೋರ್ಟ್ ಎಂಬ ಹೆಸರು, ಪೆನ್ಸಿಲ್ವೇನಿಯಾದಲ್ಲಿ ಆರ್ಫನ್ಸ್ ಕೋರ್ಟ್. ಪಶ್ಚಿಮದ ಹೊಸ ನೆಲೆಗಳಲ್ಲಿ ಸಾಮಾನ್ಯವಾಗಿ ಪ್ರೊಬೇಟ್ ಕೋರ್ಟ್.

ವಲಸೆಗಾರರು ಪಶ್ಚಿಮಕ್ಕೆ ಸರಿದಂತೆಲ್ಲ ಈ ನ್ಯಾಯಾಲಯವೂ ಅವರ ಹಿಂದೆಯೇ ಹೋಯಿತು. ಓಹಾಯೋ ನದಿಯ ಉತ್ತರದ ಪ್ರದೇಶಕ್ಕಾಗಿ 1787ರಲ್ಲಿ ಮಾಡಿದ ನಾರ್ತ್‌ವೆಸ್ಟ್ ಆರ್ಡಿನೆನ್ಸ್ ಸರ್ಕಾರದ ಸ್ವರೂಪವನ್ನು ಹೇಳುವುದಕ್ಕೂ ಮೊದಲು ಆಸ್ತಿಯ ಪಾಲಿನ ಮಾತೆತ್ತುತ್ತದೆ. ಉಯಿಲಿಲ್ಲದೆ ಸತ್ತವನ ಆಸ್ತಿ ಮಕ್ಕಳಿಗೆಲ್ಲ ಸಮಪಾಲು, ವಿಧವೆಗೆ ಜಮೀನಿನಲ್ಲಿ ಮೂರನೇ ಒಂದು ಭಾಗ ಅವಳು ಬದುಕಿರುವ ತನಕ, ಚರಾಸ್ತಿಯಲ್ಲಿ ಮೂರನೇ ಒಂದು ಭಾಗ ಕಾಯಂ. ಹಿರಿಮಗನಿಗೇ ಎಲ್ಲ ಎಂಬ ಇಂಗ್ಲಿಷ್ ಪದ್ಧತಿಯನ್ನು ಇಲ್ಲಿ ಆರಂಭದಲ್ಲೇ ಕೈಬಿಡಲಾಗಿತ್ತು. ರಸ್ತೆ, ಶಾಲೆ, ಸೆರೆಮನೆ ಇನ್ನೂ ಇಲ್ಲದ ಊರಿನಲ್ಲೂ ಸಾವು ಇದ್ದೇ ಇತ್ತು. ಸತ್ತವನು ಒಂದು ಜೊತೆ ಎತ್ತನ್ನಾದರೂ ಬಿಟ್ಟುಹೋಗಿರುತ್ತಿದ್ದ. ಆದ್ದರಿಂದ ಅನೇಕ ಕೌಂಟಿಗಳಲ್ಲಿ ಸರ್ಕಾರಿ ಬರವಣಿಗೆ ಎಂಬುದರ ಮೊದಲ ಪುಟಗಳಲ್ಲಿ ಪ್ರೊಬೇಟ್ ಪುಸ್ತಕವೂ ಸೇರಿದೆ.

ಒಂದು ಸಾಮಾನ್ಯ ಕಡತ ಹೀಗೆ ಬೆಳೆಯುತ್ತದೆ. ಮೊದಲು ವಿಧವೆಯೋ ಮಗನೋ ಸಾಲ ಕೊಟ್ಟ ಅಂಗಡಿಯವನೋ ಅರ್ಜಿ ಹಾಕುತ್ತಾರೆ. ನ್ಯಾಯಾಧೀಶ ಒಬ್ಬ ನಿರ್ವಾಹಕನನ್ನು ನೇಮಿಸುತ್ತಾನೆ. ನಿರ್ವಾಹಕ ಇಬ್ಬರ ಜಾಮೀನಿನೊಡನೆ ಮುಚ್ಚಳಿಕೆ ಬರೆದುಕೊಡಬೇಕು; ಆಸ್ತಿ ನುಂಗಿದರೆ ಜಾಮೀನುದಾರರೂ ಹೊಣೆ. ನಂತರ ನೆರೆಹೊರೆಯ ಕೆಲವರು ಮೌಲ್ಯಮಾಪಕರಾಗಿ ಮನೆಗೆ ಬಂದು ಪಟ್ಟಿ ಬರೆಯುತ್ತಾರೆ: ಹಸು, ಬಂಡಿ, ನೇಗಿಲು, ಒಲೆ, ಹಾಸಿಗೆ, ಬಿತ್ತನೆ ಗೋಧಿ, ಮುರಿದ ಕುರ್ಚಿ. ಒಂದೊಂದಕ್ಕೂ ಬೆಲೆ. ವಿಧವೆಯ ಒಂದು ವರ್ಷದ ಜೀವನಕ್ಕೆ ಬೇಕಾದದ್ದನ್ನು ತೆಗೆದಿಟ್ಟು ಉಳಿದದ್ದು ಹರಾಜಿಗೆ ಹೋಗುತ್ತದೆ. ಯಾರು ಏನನ್ನು ಎಷ್ಟಕ್ಕೆ ಕೊಂಡರು ಎಂಬ ಪಟ್ಟಿ ಮತ್ತೊಂದು ಹಾಳೆ. ಸಾಲ ಕೊಟ್ಟವರ ರಸೀದಿ, ವೈದ್ಯನ ಬಿಲ್ಲು, ಶವಪೆಟ್ಟಿಗೆ ಮಾಡಿದ ಬಡಗಿಯ ಲೆಕ್ಕ, ಪತ್ರಿಕೆಯಲ್ಲಿ ಹಾಕಿಸಿದ ಪ್ರಕಟಣೆಯ ತುಣುಕು, ವರ್ಷಕ್ಕೊಮ್ಮೆ ಒಪ್ಪಿಸುವ ಲೆಕ್ಕಪತ್ರ, ಕೊನೆಗೆ ಹಂಚಿಕೆಯ ಆದೇಶ. ತಬ್ಬಲಿ ಮಕ್ಕಳಿದ್ದರೆ ಅವರು ಪ್ರಾಯಕ್ಕೆ ಬರುವವರೆಗೂ ಕಡತ ಮುಚ್ಚುವುದಿಲ್ಲ; ಶಾಲೆಯ ಫೀಜು, ಬೂಟು, ಬಟ್ಟೆಯ ಖರ್ಚು ವರ್ಷ ವರ್ಷವೂ ಅದಕ್ಕೆ ಸೇರುತ್ತಲೇ ಇರುತ್ತದೆ.

ಕಡತ ದೊಡ್ಡವರದೂ ಚಿಕ್ಕವರದೂ ಒಂದೇ ಜಾಡಿನದು. ವಕೀಲಿಯಲ್ಲಿ ಹೆಸರು ಮಾಡಿದ್ದ ಅಬ್ರಹಾಂ ಲಿಂಕನ್ 1865ರಲ್ಲಿ ಹತ್ಯೆಯಾದಾಗ ಉಯಿಲನ್ನೇ ಬರೆದಿರಲಿಲ್ಲ. ಇಲಿನಾಯ್‌ನ ಸ್ಯಾಂಗಮನ್ ಕೌಂಟಿಯ ನ್ಯಾಯಾಲಯ ಅವನ ಗೆಳೆಯ ಡೇವಿಡ್ ಡೇವಿಸ್‌ನನ್ನು ನಿರ್ವಾಹಕನನ್ನಾಗಿ ನೇಮಿಸಿತು. ಸುಮಾರು 1,10,000 ಡಾಲರ್ ಆಸ್ತಿ ಪತ್ನಿ ಮೇರಿಗೂ ಇಬ್ಬರು ಗಂಡುಮಕ್ಕಳಿಗೂ ಮೂರು ಸಮಪಾಲಾಯಿತು. ಡೇವಿಸ್ ಆಗ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಆದರೂ ಲೆಕ್ಕ ಒಪ್ಪಿಸಬೇಕಾದದ್ದು ಕೌಂಟಿಗೇ.

ಇಷ್ಟೇ ಆಗಿದ್ದರೆ ಪ್ರೊಬೇಟ್ ಕಡತಗಳು ವಂಶಾವಳಿ ಹುಡುಕುವವರ ಆಸಕ್ತಿಗೆ ಸೀಮಿತವಾಗಿರುತ್ತಿದ್ದವು. ಆದರೆ ಯೂಟಾದಲ್ಲಿ ಈ ಪುಟ್ಟ ನ್ಯಾಯಾಲಯ ಕೊಲೆ, ಕಳವು, ವಿಚ್ಛೇದನ, ನೀರಿನ ಜಗಳ, ನಿವೇಶನದ ಹಕ್ಕುಪತ್ರ ಎಲ್ಲವನ್ನೂ ಕೈಗೆತ್ತಿಕೊಂಡಿತು. ಸುಮಾರು ಇಪ್ಪತ್ತೆರಡು ವರ್ಷ ಅಲ್ಲಿನ ಪ್ರೊಬೇಟ್ ಕೋರ್ಟು ವಾಷಿಂಗ್ಟನ್ನಿನ ಅಧಿಕಾರಕ್ಕೆ ಎದುರಾಗಿ ನಿಂತ ಸ್ಥಳೀಯ ಸರ್ಕಾರವೇ ಆಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಇದರ ಹಿನ್ನೆಲೆ ಧಾರ್ಮಿಕ. ಇಲಿನಾಯ್‌ನಿಂದ ಹೊರದೂಡಲ್ಪಟ್ಟ ಮಾರ್ಮನ್ ಪಂಥದವರು ಬ್ರಿಗಮ್ ಯಂಗ್‌ನ ಮುಂದಾಳತ್ವದಲ್ಲಿ 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆಸಿದರು. 1850ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಈ ಪ್ರದೇಶವನ್ನು ಯೂಟಾ ಟೆರಿಟರಿ ಎಂದು ಘೋಷಿಸಿತು. ಟೆರಿಟರಿ ಎಂದರೆ ಇನ್ನೂ ರಾಜ್ಯದ ಸ್ಥಾನ ಪಡೆಯದ ಪ್ರಾಂತ್ಯ. ಯಂಗ್‌ನೇ ಗವರ್ನರ್ ಆದ. ಆದರೆ ಮೇಲಿನ ನ್ಯಾಯಾಧೀಶರನ್ನು ಅಮೆರಿಕದ ಅಧ್ಯಕ್ಷರೇ ಕಳಿಸುತ್ತಿದ್ದರು. ಹೊರಗಿನಿಂದ ಬಂದ ಈ ನ್ಯಾಯಾಧೀಶರಿಗೂ ಊರಿನವರಿಗೂ ಮೊದಲ ದಿನಗಳಿಂದಲೇ ಹೊಂದಿಕೆಯಾಗಲಿಲ್ಲ. ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಬ್ರಾಂಡಬರಿ, ನ್ಯಾಯಮೂರ್ತಿ ಪೆರಿ ಬ್ರೋಕಸ್, ಕಾರ್ಯದರ್ಶಿ ಬ್ರೌಟನ್ ಹ್ಯಾರಿಸ್ ಮೂವರೂ 1851ರ ಸೆಪ್ಟೆಂಬರಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಪೂರ್ವಕ್ಕೆ ಹೊರಟುಹೋದರು. ಯೂಟಾದ ಇತಿಹಾಸದಲ್ಲಿ ಅವರಿಗೆ ಓಡಿಹೋದ ಅಧಿಕಾರಿಗಳು ಎಂಬ ಹೆಸರೇ ನಿಂತಿದೆ.

ನ್ಯಾಯಾಧೀಶರು ಸಾಲದ ಊರಿನಲ್ಲಿ ನ್ಯಾಯ ಹೇಳುವವರು ಬೇಕಲ್ಲ. 1852ರ ಫೆಬ್ರವರಿಯಲ್ಲಿ ಯೂಟಾದ ಶಾಸನಸಭೆ ಕೌಂಟಿ ಪ್ರೊಬೇಟ್ ಕೋರ್ಟುಗಳಿಗೆ ಸಿವಿಲ್ ಮತ್ತು ಕ್ರಿಮಿನಲ್ ಎರಡೂ ಬಗೆಯ ಮೂಲ ಅಧಿಕಾರ ಕೊಟ್ಟಿತು. ಅಭಾವ ತುಂಬುವುದು ಒಂದು ಕಾರಣ ನಿಜ. ಆದರೆ ಅದೊಂದೇ ಅಲ್ಲ. ಪ್ರೊಬೇಟ್ ನ್ಯಾಯಾಧೀಶನನ್ನು ಆರಿಸುತ್ತಿದ್ದದ್ದು ಅಧ್ಯಕ್ಷರಲ್ಲ, ಅದೇ ಶಾಸನಸಭೆ. ಆಯ್ಕೆಯಾಗುತ್ತಿದ್ದವರು ಸಾಮಾನ್ಯವಾಗಿ ಊರಿನ ಬಿಷಪ್ಪನೋ ಚರ್ಚಿನ ಮತ್ತೊಬ್ಬ ಹಿರಿಯನೋ. ಹೊಸ ನ್ಯಾಯಾಧೀಶರು ವಾಷಿಂಗ್ಟನ್ನಿನಿಂದ ಬಂದ ಮೇಲೂ ಈ ಅಧಿಕಾರವನ್ನು ವಾಪಸು ಪಡೆಯಲಿಲ್ಲ ಎಂಬುದೇ ಉದ್ದೇಶವನ್ನು ಹೇಳುತ್ತದೆ.

ಸಾಲ್ಟ್ ಲೇಕ್ ಕೌಂಟಿಯ ಎಲಿಯಸ್ ಸ್ಮಿತ್ ಈ ವ್ಯವಸ್ಥೆಯ ಮಾದರಿ ಎನ್ನಬಹುದು. ಆತ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಚಿಕ್ಕಪ್ಪ-ದೊಡ್ಡಪ್ಪನ ಸಂಬಂಧದ ಸೋದರ; ಡೆಸರೆಟ್ ನ್ಯೂಸ್ ಪತ್ರಿಕೆಯ ಸಂಪಾದಕನಾಗಿಯೂ ಕೆಲಸ ಮಾಡಿದವ. 1852ರಿಂದ 1882ರವರೆಗೆ ಪ್ರೊಬೇಟ್ ನ್ಯಾಯಾಧೀಶನ ಕುರ್ಚಿಯಲ್ಲಿದ್ದ. ಅಷ್ಟರಲ್ಲಿ ವಾಷಿಂಗ್ಟನ್ನಿನಿಂದ ಎಷ್ಟೋ ನ್ಯಾಯಾಧೀಶರು ಬಂದು ಹೋದರು.

ದೂರದ ಕೌಂಟಿಗಳಲ್ಲಿ ಕತೆ ಇನ್ನೂ ಸ್ವಾರಸ್ಯ. ಇಂದಿನ ನೆವಾಡಾದ ಪಶ್ಚಿಮ ಭಾಗ ಆಗ ಯೂಟಾದ ಕಾರ್ಸನ್ ಕೌಂಟಿ. ಅಲ್ಲಿಗೆ 1855ರಲ್ಲಿ ಪ್ರೊಬೇಟ್ ನ್ಯಾಯಾಧೀಶನಾಗಿ ಹೋದವನು ಚರ್ಚಿನ ಹನ್ನೆರಡು ಅಪೊಸ್ತಲರಲ್ಲಿ ಒಬ್ಬನಾದ ಓರ್ಸನ್ ಹೈಡ್. ಅಲ್ಲಿನ ಮಾರ್ಮನ್ ಅಲ್ಲದ ವಲಸೆಗಾರರಿಗೆ ಈ ಆಡಳಿತ ಬೇಕಿರಲಿಲ್ಲ; ತಮ್ಮನ್ನು ಕ್ಯಾಲಿಫೋರ್ನಿಯಾಕ್ಕೆ ಸೇರಿಸಿ ಎಂದು ಅವರು ಅರ್ಜಿ ಹಾಕಿದ್ದರು. ಹೈಡ್ ಮರುವರ್ಷವೇ ವಾಪಸಾದ. ಅವನು ಬಿಟ್ಟುಬಂದ ಮರದ ಮಿಲ್ಲಿಗೆ ಸರಿಯಾದ ಹಣ ಸಂದಾಯವಾಗಲಿಲ್ಲ. 1862ರಲ್ಲಿ ಅವನು ಕಾರ್ಸನ್ ಮತ್ತು ವಾಶೋ ಕಣಿವೆಯವರಿಗೆ ಪತ್ರ ಬರೆದು 20,000 ಡಾಲರ್ ಕೇಳಿದ. ಕೊಡದಿದ್ದರೆ ಪ್ರವಾಹ, ಭೂಕಂಪ, ರೋಗರುಜಿನ ಬರಲಿ ಎಂದು ಶಾಪವನ್ನೂ ಹಾಕಿದ. ಮಾಜಿ ನ್ಯಾಯಾಧೀಶ ತನ್ನ ಬಾಕಿಗೆ ದಾವೆ ಹೂಡುವ ಬದಲು ದೇವರ ಮೊರೆ ಹೋದದ್ದು ಗಡಿನಾಡಿನ ನ್ಯಾಯದ ಬಲ ಎಷ್ಟಿತ್ತೆಂದು ತೋರಿಸುತ್ತದೆ.

ಪ್ರೊಬೇಟ್ ನ್ಯಾಯಾಧೀಶ ಕುರ್ಚಿಯಲ್ಲಿ ಕೂತು ತೀರ್ಪು ಹೇಳುವುದಕ್ಕಷ್ಟೇ ಇರಲಿಲ್ಲ. ಸೆಲೆಕ್ಟ್‌ಮನ್ ಎಂಬ ಸದಸ್ಯರೊಡನೆ ಸೇರಿ ಅವನು ಕೌಂಟಿ ಕೋರ್ಟು ಎಂಬ ಆಡಳಿತ ಮಂಡಳಿಯನ್ನೂ ನಡೆಸುತ್ತಿದ್ದ. ಕಾಡಿನ ಮರ, ತೊರೆಯ ನೀರು, ಗಿರಣಿ ಕಟ್ಟುವ ಜಾಗ, ರಸ್ತೆ, ತೆರಿಗೆ ಎಲ್ಲವೂ ಈ ಮಂಡಳಿಯ ಕೈಯಲ್ಲಿ. ಮಳೆ ಕಡಿಮೆಯಿರುವ ಯೂಟಾದಲ್ಲಿ ಯಾವ ತೊರೆಯ ನೀರು ಯಾರ ಹೊಲಕ್ಕೆ ಎಂಬುದು ಬದುಕಿನ ಪ್ರಶ್ನೆ. ಆಸ್ತಿ ಹಂಚಿಕೆಯ ಪುಸ್ತಕದ ಪಕ್ಕದಲ್ಲೇ ಇರುವ ಕೌಂಟಿ ಕೋರ್ಟಿನ ನಡಾವಳಿ ಪುಸ್ತಕದಲ್ಲಿ ಈ ಅನುಮತಿಗಳೆಲ್ಲ ದಾಖಲಾಗಿವೆ.

ಕಡತಗಳ ಅತ್ಯಂತ ಕಹಿಯಾದ ಭಾಗ ಗುಲಾಮಗಿರಿಗೆ ಸಂಬಂಧಿಸಿದ್ದು. ಯೂಟ್ ಬುಡಕಟ್ಟಿನ ಕೆಲವರು ದುರ್ಬಲರಾದ ಪಾಯೂಟ್ ಜನರ ಮಕ್ಕಳನ್ನು ಹಿಡಿದು ನ್ಯೂ ಮೆಕ್ಸಿಕೋದ ವ್ಯಾಪಾರಿಗಳಿಗೆ ಮಾರುವ ವಹಿವಾಟು ಮಾರ್ಮನ್ನರು ಬರುವುದಕ್ಕೆ ಮುಂಚಿನಿಂದಲೇ ಇತ್ತು. ಅದನ್ನು ತಡೆಯುವ ಹೆಸರಿನಲ್ಲಿ 1852ರಲ್ಲಿ ಶಾಸನಸಭೆ ಒಂದು ಕಾಯ್ದೆ ಮಾಡಿತು. ಅಂಥ ಮಗುವನ್ನು ಕೊಂಡವನು ಪ್ರೊಬೇಟ್ ನ್ಯಾಯಾಧೀಶನ ಅಥವಾ ಸೆಲೆಕ್ಟ್‌ಮನ್‌ಗಳ ಮುಂದೆ ತಂದು, 20 ವರ್ಷ ಮೀರದ ಅವಧಿಗೆ ತನ್ನ ಮನೆಯಲ್ಲಿ ಕೆಲಸಕ್ಕಿರಿಸಿಕೊಳ್ಳುವ ಕರಾರು ಬರೆಸಬಹುದಿತ್ತು. ಮಗುವಿನ ಹೆಸರು, ವಯಸ್ಸು, ಗೊತ್ತಿದ್ದರೆ ತಂದೆತಾಯಿಯ ಹೆಸರು, ಬುಡಕಟ್ಟು, ಯಾರಿಂದ ಪಡೆದದ್ದು ಎಂಬುದನ್ನು ದಾಖಲಿಸಬೇಕು. 7ರಿಂದ 16 ವರ್ಷದೊಳಗಿನ ಮಗುವನ್ನು, ಊರಲ್ಲಿ ಶಾಲೆಯಿದ್ದರೆ, ವರ್ಷಕ್ಕೆ ಮೂರು ತಿಂಗಳು ಶಾಲೆಗೆ ಕಳಿಸಬೇಕು. ಕಾಯ್ದೆಯ ಮಾತು ಬಿಡುಗಡೆಯದು, ಫಲ ಮಾತ್ರ ಜೀತದ್ದು. ಹೀಗೆ ಬಂದ ಅನೇಕ ಮಕ್ಕಳ ಬಗ್ಗೆ ಉಳಿದಿರುವ ಲಿಖಿತ ಗುರುತೆಂದರೆ ಇಂಥ ಕರಾರಿನ ಕೆಲವು ಸಾಲು. ಕರಾರೇ ಬರೆಸದೆ ಇಟ್ಟುಕೊಂಡವರ ಮನೆಯ ಮಕ್ಕಳಿಗೆ ಅದೂ ಇಲ್ಲ.

ಅದೇ ವರ್ಷ ಆಫ್ರಿಕನ್ ಮೂಲದ ಗುಲಾಮರ ಕುರಿತೂ ಕಾಯ್ದೆ ಬಂತು. ದಕ್ಷಿಣದ ರಾಜ್ಯಗಳಿಂದ ಬಂದ ಕೆಲವು ಮಾರ್ಮನ್ನರು ಗುಲಾಮರನ್ನು ಜೊತೆಗೆ ಕರೆತಂದಿದ್ದರು. 1860ರ ಜನಗಣತಿಯಲ್ಲಿ ಅವರ ಸಂಖ್ಯೆ 29. ಒಡೆಯರು ತಮ್ಮ ಹಕ್ಕಿನ ಪುರಾವೆಯನ್ನು ಪ್ರೊಬೇಟ್ ಕೋರ್ಟಿಗೆ ಒಪ್ಪಿಸಬೇಕಿತ್ತು. ಗುಲಾಮನನ್ನು ಬೇರೊಬ್ಬನಿಗೆ ವರ್ಗಾಯಿಸುವ ಮೊದಲು ನ್ಯಾಯಾಧೀಶ ಒಡೆಯನಿಲ್ಲದ ಸಮಯದಲ್ಲಿ ಆ ಗುಲಾಮನ ಒಪ್ಪಿಗೆ ಕೇಳಬೇಕೆಂಬ ವಿಚಿತ್ರ ನಿಯಮವೂ ಇತ್ತು. 1862ರ ಜೂನ್‌ನಲ್ಲಿ ಕಾಂಗ್ರೆಸ್ ಎಲ್ಲ ಟೆರಿಟರಿಗಳಲ್ಲೂ ಗುಲಾಮಗಿರಿಯನ್ನು ನಿಷೇಧಿಸಿದ ಮೇಲೆ ಈ ಕಾಯ್ದೆ ಕೊನೆಗೊಂಡಿತು.

ವಿಚ್ಛೇದನದ ಕಡತಗಳದು ಬೇರೆಯೇ ಲೋಕ. 1852ರ ಯೂಟಾದ ವಿಚ್ಛೇದನ ಕಾಯ್ದೆ ಆ ಕಾಲಕ್ಕೆ ತೀರಾ ಸಡಿಲ. ದಂಪತಿಗಳು ನೆಮ್ಮದಿಯಿಂದ ಒಟ್ಟಿಗೆ ಬಾಳಲಾರರು ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸಾಕಿತ್ತು. ಅರ್ಜಿದಾರ ಯೂಟಾದ ನಿವಾಸಿಯಾಗಿರಬೇಕು, ಇಲ್ಲವೇ ನಿವಾಸಿಯಾಗುವ ಇಚ್ಛೆಯಿರಬೇಕು. ಈ ಇಚ್ಛೆ ಎಂಬ ಮಾತು ದೊಡ್ಡ ಬಾಗಿಲನ್ನೇ ತೆರೆದಿಟ್ಟಿತು. 1869ರಲ್ಲಿ ಖಂಡಾಂತರ ರೈಲು ಮಾರ್ಗ ಯೂಟಾದ ಪ್ರಾಮಂಟರಿಯಲ್ಲಿ ಕೂಡಿಕೊಂಡ ಮೇಲೆ ಪೂರ್ವದ ನಗರಗಳ ವಕೀಲರಿಗೆ ಈ ಬಾಗಿಲು ಕಾಣಿಸಿತು. 1870ರ ದಶಕದ ನಡುವಿನ ಎರಡು-ಮೂರು ವರ್ಷ ಯೂಟಾಕ್ಕೆ ಕಾಲಿಡದವರಿಗೂ ಅಲ್ಲಿನ ಕೆಲವು ಪ್ರೊಬೇಟ್ ಕೋರ್ಟುಗಳಿಂದ ವಿಚ್ಛೇದನದ ಆದೇಶ ಅಂಚೆಯಲ್ಲಿ ಹೋಗುತ್ತಿತ್ತು. 1878ರಲ್ಲಿ ಶಾಸನಸಭೆ ಒಂದು ವರ್ಷದ ನಿಜವಾದ ವಾಸ ಬೇಕೆಂದು ಕಾಯ್ದೆ ತಿದ್ದಿತು. ಅಲ್ಲಿಗೆ ಆ ವ್ಯಾಪಾರ ಮುಗಿಯಿತು. ತಮಾಷೆಯೆಂದರೆ ಮಾರ್ಮನ್ನರ ಬಹುಪತ್ನಿತ್ವದ ಮದುವೆಗಳಿಗೆ ಸಂಬಂಧಿಸಿದ ಬಿಡುಗಡೆ ಈ ಪುಸ್ತಕಗಳಲ್ಲಿ ಬಹುಪಾಲು ಸಿಗುವುದಿಲ್ಲ. ಎರಡನೆಯ, ಮೂರನೆಯ ಮದುವೆಗೆ ಕಾನೂನಿನ ಮಾನ್ಯತೆಯೇ ಇಲ್ಲದಿದ್ದಾಗ ಕೋರ್ಟು ಬಿಡಿಸುವುದೇನನ್ನು? ಅದನ್ನು ಚರ್ಚಿನ ಅಧ್ಯಕ್ಷನೇ ಬಿಡಿಸುತ್ತಿದ್ದ. ಬ್ರಿಗಮ್ ಯಂಗ್ ತನ್ನ ಕಾಲದಲ್ಲಿ ಅಂಥ 1,600ಕ್ಕೂ ಹೆಚ್ಚು ಬಿಡುಗಡೆ ಪತ್ರ ಕೊಟ್ಟ.

ಜಮೀನಿನ ವಿಷಯದಲ್ಲೂ ಪ್ರೊಬೇಟ್ ನ್ಯಾಯಾಧೀಶನ ಸಹಿ ಬೇಕಾಗಿತ್ತು. ಯೂಟಾದಲ್ಲಿ ಫೆಡರಲ್ ಸರ್ಕಾರದ ಭೂ ಕಚೇರಿ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷ ಉತ್ತು ಬಿತ್ತಿ ಮನೆ ಕಟ್ಟಿದ ಜನ ಕಾನೂನಿನ ಕಣ್ಣಲ್ಲಿ ಸರ್ಕಾರಿ ನೆಲದ ಒತ್ತುವರಿದಾರರು. 1867ರ ಟೌನ್‌ಸೈಟ್ ಕಾಯ್ದೆಯಂತೆ ಪುರಸಭೆಯಿರುವ ಊರಿನಲ್ಲಿ ಮೇಯರ್, ಇಲ್ಲದ ಊರಿನಲ್ಲಿ ಕೌಂಟಿಯ ನ್ಯಾಯಾಧೀಶ ಇಡೀ ಊರಿನ ನೆಲವನ್ನು ನಿವಾಸಿಗಳ ಪರವಾಗಿ ಸರ್ಕಾರದಿಂದ ಪಡೆದು, ಆಮೇಲೆ ಒಬ್ಬೊಬ್ಬರಿಗೂ ಅವರವರ ನಿವೇಶನದ ಪತ್ರ ಮಾಡಿಕೊಡಬೇಕಿತ್ತು. ಯೂಟಾದಲ್ಲಿ ಆ ನ್ಯಾಯಾಧೀಶ ಎಂದರೆ ಪ್ರೊಬೇಟ್ ನ್ಯಾಯಾಧೀಶ. ಚಿಕ್ಕ ಊರುಗಳ ಮನೆ ಪತ್ರಗಳ ಮೂಲ ಹುಡುಕಿದರೆ ಸಿಗುವುದು ಅವನ ಹೆಸರು.

ಪ್ರೊಬೇಟ್ ಕೋರ್ಟಿಗೂ ಅಧ್ಯಕ್ಷರು ಕಳಿಸಿದ ನ್ಯಾಯಾಧೀಶರ ಜಿಲ್ಲಾ ನ್ಯಾಯಾಲಯಕ್ಕೂ ನಡುವಿನ ತಿಕ್ಕಾಟ ಹೆಚ್ಚು ಕಾಣಿಸಿದ್ದು ಜ್ಯೂರಿಯ ಆಯ್ಕೆಯಲ್ಲಿ. ಟೆರಿಟರಿಯ ಕಾನೂನಿನಂತೆ ಜ್ಯೂರಿಯ ಪಟ್ಟಿ ತಯಾರಿಸುವುದು ಕೌಂಟಿ ಕೋರ್ಟು, ಅಂದರೆ ಮತ್ತೆ ಪ್ರೊಬೇಟ್ ನ್ಯಾಯಾಧೀಶನೇ. ಮುಖ್ಯ ನ್ಯಾಯಮೂರ್ತಿ ಜೇಮ್ಸ್ ಮೆಕೀನ್ ಆ ಪಟ್ಟಿಯನ್ನು ಬದಿಗಿಟ್ಟು ಫೆಡರಲ್ ಮಾರ್ಷಲ್ ಕರೆತಂದ ಜ್ಯೂರಿಯಿಂದ ವಿಚಾರಣೆ ನಡೆಸಿದ. 1872ರ ಕ್ಲಿಂಟನ್ ವಿರುದ್ಧ ಎಂಗಲ್‌ಬ್ರೆಕ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ತಪ್ಪು ಎಂದಿತು. ಹಾಗೆ ರಚಿಸಿದ ಜ್ಯೂರಿಗಳು ಹೊರಿಸಿದ್ದ ನೂರಕ್ಕೂ ಹೆಚ್ಚು ಆರೋಪಗಳು ಒಂದೇ ಏಟಿಗೆ ಬಿದ್ದುಹೋದವು.

ಮಾರ್ಮನ್ನರ ಗೆಲುವು ಬಹುಕಾಲ ಬಾಳಲಿಲ್ಲ. 1874ರ ಜೂನ್ 23ರಂದು ಜಾರಿಗೆ ಬಂದ, ಕಾಂಗ್ರೆಸ್ ಮಾಡಿದ ಪೋಲಂಡ್ ಕಾಯ್ದೆ ಪ್ರೊಬೇಟ್ ಕೋರ್ಟುಗಳ ಕ್ರಿಮಿನಲ್ ಮತ್ತು ಸಾಮಾನ್ಯ ಸಿವಿಲ್ ಅಧಿಕಾರವನ್ನು ಕಿತ್ತುಕೊಂಡಿತು. ಉಳಿದದ್ದು ಆಸ್ತಿ ವಿಲೇವಾರಿ, ಪಾಲಕತ್ವ ಮತ್ತು ಮೇಲಿನ ಜಿಲ್ಲಾ ನ್ಯಾಯಾಲಯದೊಡನೆ ಹಂಚಿಕೊಂಡ ವಿಚ್ಛೇದನ. ಜ್ಯೂರಿಯ ಜಗಳಕ್ಕೆ ಒಂದು ಜಾಣ ಉಪಾಯ ಹುಡುಕಿದರು: ಜಿಲ್ಲಾ ನ್ಯಾಯಾಲಯದ ಗುಮಾಸ್ತನೂ ಪ್ರೊಬೇಟ್ ನ್ಯಾಯಾಧೀಶನೂ ಸರದಿಯಂತೆ ಒಂದೊಂದು ಹೆಸರು ಬರೆದು 200 ಹೆಸರಿನ ಪಟ್ಟಿ ಮಾಡಬೇಕು. ಅದೇ ಸುಮಾರಿಗೆ ಫೆರಿಸ್ ವಿರುದ್ಧ ಹಿಗ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1852ರ ಅಧಿಕಾರವೇ ಮೊದಲಿನಿಂದಲೂ ಕಾನೂನುಬಾಹಿರವಾಗಿತ್ತು ಎಂದಿತು. ನ್ಯಾಯಮೂರ್ತಿ ಮಿಲ್ಲರ್ ಅವರ ತರ್ಕ ನೇರವಾದದ್ದು. ಕಾಂಗ್ರೆಸ್ ಪ್ರೊಬೇಟ್ ಕೋರ್ಟು ಎಂದು ಕರೆದಾಗ ಅದರ ಮನಸ್ಸಿನಲ್ಲಿದ್ದದ್ದು ಉಯಿಲು ಮತ್ತು ಆಸ್ತಿಯ ಕೋರ್ಟು. ಎಲ್ಲ ಬಗೆಯ ವ್ಯಾಜ್ಯವನ್ನೂ ಅದಕ್ಕೆ ಒಪ್ಪಿಸುವುದು ಆ ಸ್ವಭಾವಕ್ಕೇ ವಿರುದ್ಧ.

ಆಸ್ತಿಯ ಕೆಲಸಕ್ಕೆ ಮರಳಿದ ಮೇಲೂ ಯೂಟಾದ ಪ್ರೊಬೇಟ್ ಕೋರ್ಟಿಗೆ ತಲೆನೋವು ತಪ್ಪಲಿಲ್ಲ. ಒಬ್ಬನಿಗೆ ನಾಲ್ವರು ಹೆಂಡಿರಿದ್ದರೆ ವಿಧವೆ ಯಾರು? ಕಾನೂನು ಮೊದಲನೆಯವಳನ್ನು ಮಾತ್ರ ಗುರುತಿಸುತ್ತಿತ್ತು. ಉಳಿದವರಿಗೆ ಉಯಿಲಿನಲ್ಲೋ ಬದುಕಿರುವಾಗಲೇ ಬರೆದುಕೊಟ್ಟ ಪತ್ರದಲ್ಲೋ ಏನಾದರೂ ಸಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಕ್ಕಳ ಸ್ಥಿತಿ ಮಾತ್ರ ಬೇರೆ. ತಂದೆ ಒಪ್ಪಿಕೊಂಡ ವಿವಾಹೇತರ ಮಕ್ಕಳಿಗೂ ಪಾಲುಂಟು ಎಂದು ಯೂಟಾದ 1852ರ ಕಾಯ್ದೆ ಹೇಳಿತ್ತು. 1862ರ ಬಹುಪತ್ನಿತ್ವ ವಿರೋಧಿ ಕಾಯ್ದೆ ಅದನ್ನು ರದ್ದು ಮಾಡಿತೇ ಎಂಬ ಪ್ರಶ್ನೆ 1891ರ ಕೋಪ್ ವಿರುದ್ಧ ಕೋಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರದ್ದಾಗಿಲ್ಲ, ಮಕ್ಕಳಿಗೆ ಪಾಲಿದೆ ಎಂದು ತೀರ್ಪು ಬಂತು. ಅಪ್ಪನ ಅಪರಾಧಕ್ಕೆ ಮಕ್ಕಳನ್ನು ದಂಡಿಸಬಾರದೆಂಬ ನೋಟ ಅದರಲ್ಲಿತ್ತು.

ಬ್ರಿಗಮ್ ಯಂಗ್‌ನ ಆಸ್ತಿಯೇ ಎಲ್ಲಕ್ಕಿಂತ ದೊಡ್ಡ ಗೋಜಲು. ಬಹುಪತ್ನಿತ್ವ ವಿರೋಧಿಯಾದ ಅದೇ 1862ರ ಕಾಯ್ದೆ ಟೆರಿಟರಿಗಳಲ್ಲಿ ಚರ್ಚು 50,000 ಡಾಲರಿಗಿಂತ ಹೆಚ್ಚಿನ ಸ್ಥಿರಾಸ್ತಿ ಹೊಂದಬಾರದೆಂದು ಮಿತಿ ಹಾಕಿತ್ತು. ಹಾಗಾಗಿ ಚರ್ಚಿನ ಆಸ್ತಿಯ ದೊಡ್ಡ ಭಾಗ ಯಂಗ್‌ನ ಸ್ವಂತ ಹೆಸರಿನಲ್ಲಿತ್ತು. 1877ರ ಆಗಸ್ಟಿನಲ್ಲಿ ಅವನು ತೀರಿಕೊಂಡಾಗ ಯಾವುದು ಮನೆಯದು, ಯಾವುದು ಚರ್ಚಿನದು ಎಂದು ಬೇರ್ಪಡಿಸುವುದೇ ಕಷ್ಟವಾಯಿತು. ಚರ್ಚಿನ ಕಡೆ ಹೆಚ್ಚು ಹೋಯಿತೆಂದು ಕೆಲವು ವಾರಸುದಾರರು ದಾವೆ ಹೂಡಿದರು. ಉಯಿಲಿನ ನಿರ್ವಾಹಕರಾಗಿದ್ದ ಜಾರ್ಜ್ ಕ್ಯಾನನ್, ಆಲ್ಬರ್ಟ್ ಕ್ಯಾರಿಂಗ್ಟನ್ ಮತ್ತು ಯಂಗ್‌ನ ಮಗ ಕಿರಿಯ ಬ್ರಿಗಮ್ 1879ರಲ್ಲಿ ನ್ಯಾಯಾಂಗ ನಿಂದನೆಗಾಗಿ ಸೆರೆಮನೆಗೂ ಹೋಗಿಬಂದರು. ಅದೇ ವರ್ಷ ರಾಜಿಯಾಯಿತು.

1887ರ ಎಡ್ಮಂಡ್ಸ್-ಟಕರ್ ಕಾಯ್ದೆ ಪ್ರೊಬೇಟ್ ನ್ಯಾಯಾಧೀಶರ ನೇಮಕವನ್ನೂ ಅಮೆರಿಕದ ಅಧ್ಯಕ್ಷರಿಗೆ ವಹಿಸಿತು. 1896ರ ಜನವರಿ 4ರಂದು ಯೂಟಾ ರಾಜ್ಯವಾದಾಗ ಪ್ರೊಬೇಟ್ ಕೋರ್ಟು ಎಂಬ ಪ್ರತ್ಯೇಕ ಸಂಸ್ಥೆಯೇ ಇಲ್ಲವಾಗಿ, ಕೆಲಸವೂ ಕಡತಗಳೂ ಜಿಲ್ಲಾ ನ್ಯಾಯಾಲಯಗಳಿಗೆ ಹೋದವು. ಇಂದು ಅವುಗಳಲ್ಲಿ ಬಹಳಷ್ಟು ಸಾಲ್ಟ್ ಲೇಕ್ ಸಿಟಿಯ ಯೂಟಾ ರಾಜ್ಯ ಪತ್ರಾಗಾರದಲ್ಲಿವೆ. ಕೆಲವನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲೂ ಇಡಲಾಗಿದೆ.

ಈ ಕಾಗದಗಳನ್ನು ಓದುವಾಗ ಕೆಲವು ಎಚ್ಚರ ಬೇಕು. ಮೌಲ್ಯಮಾಪಕರು ನೆರೆಯವರೇ ಆದ್ದರಿಂದ, ವಿಧವೆಯ ಮೇಲಿನ ಕರುಣೆಗೋ ತಾವೇ ಹರಾಜಿನಲ್ಲಿ ಕೊಳ್ಳುವ ಆಸೆಗೋ ಬೆಲೆ ಇಳಿಸಿ ಬರೆದಿರುವ ಸಾಧ್ಯತೆಯುಂಟು. 1869ಕ್ಕೆ ಮುಂಚಿನ ಪಟ್ಟಿಯಲ್ಲಿ ಜಮೀನು ಕಾಣದಿದ್ದರೆ ಸತ್ತವನಿಗೆ ಹೊಲವಿರಲಿಲ್ಲ ಎಂದು ತಿಳಿಯಬಾರದು; ಹಕ್ಕುಪತ್ರ ಇರಲಿಲ್ಲ, ಅಷ್ಟೇ. ಹೆಂಡತಿ ತವರಿನಿಂದ ತಂದ ಪಾತ್ರೆಯೂ ಗಂಡನ ಆಸ್ತಿಯ ಪಟ್ಟಿಯಲ್ಲಿ ಸೇರಿಕೊಂಡಿರಬಹುದು, ಏಕೆಂದರೆ ಹಳೆಯ ಕಾನೂನಿನಲ್ಲಿ ಅವಳ ಚರಾಸ್ತಿ ಅವನದೇ. ಮಾರ್ಮನ್ನರ ನಡುವಿನ ಜಗಳಗಳೆಲ್ಲ ಇಲ್ಲಿಗೆ ಬರುತ್ತಿರಲಿಲ್ಲ ಎಂಬುದೂ ನೆನಪಿರಬೇಕು. ಅವು ಬಿಷಪ್ಪನ ಮುಂದೆಯೇ ತೀರ್ಮಾನವಾಗುತ್ತಿದ್ದವು, ಸಹಪಂಥೀಯನನ್ನು ಕೋರ್ಟಿಗೆ ಎಳೆಯುವುದು ಅಲ್ಲಿ ಮರ್ಯಾದೆಯ ಕೆಲಸವಾಗಿರಲಿಲ್ಲ. ಆದ್ದರಿಂದ 1852ರಿಂದ 1874ರ ನಡುವಿನ ಯೂಟಾದ ಒಂದು ಕುಟುಂಬದ ಕತೆ ಹುಡುಕುವವರು ಪ್ರೊಬೇಟ್ ಪುಸ್ತಕದ ಜೊತೆಗೆ ಕೌಂಟಿ ಕೋರ್ಟಿನ ನಡಾವಳಿ, ಜಿಲ್ಲಾ ನ್ಯಾಯಾಲಯದ ದಫ್ತರು, ಚರ್ಚಿನ ದಾಖಲೆ ಮೂರನ್ನೂ ನೋಡಬೇಕಾಗುತ್ತದೆ. 1874ರ ನಂತರದ ಕಳವು, ಸಾಲ, ಹೊಡೆದಾಟದ ಪ್ರಕರಣಗಳನ್ನು ಪ್ರೊಬೇಟ್ ಕಪಾಟಿನಲ್ಲಿ ಹುಡುಕಿ ಫಲವಿಲ್ಲ. ಅಲ್ಲಿ ಸಿಗುವುದು ಉಯಿಲು, ಪಾಲುಪಟ್ಟಿ, ತಬ್ಬಲಿಗಳ ಲೆಕ್ಕ ಮತ್ತು ಕೆಲವು ವರ್ಷಗಳ ವಿಚ್ಛೇದನದ ಅರ್ಜಿಗಳು.